ಮುತ್ಯಾನ ಎಂಜಲನ್ನು ಅಂಚೆಯಲ್ಲಿ ಕಳಿಸಬಹುದೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪರೀಕ್ಷೆಯ ಅಂಕ, ಮುಂದಿನ ಓದು, ನೆನಪಿನ ಶಕ್ತಿ ಇವುಗಳ ಸುತ್ತಲೇ ಇರುತ್ತವೆ. ಮಾರ್ಚ್ ತಿಂಗಳಲ್ಲಿ ಬಂದ ಒಂದು ಪತ್ರ ಮಾತ್ರ ಬೇರೆಯಾಗಿತ್ತು. ಬೀದರ್ ಜಿಲ್ಲೆ ಔರಾದ ತಾಲೂಕಿನ ಎಕಂಬಾದಿಂದ ಹತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು. ಹೆಸರು ಬೇಡ. ಪತ್ರದ ಸಾರಾಂಶ ಇಷ್ಟು:

‘ನಮ್ಮ ಮುತ್ಯಾ ಮೊದಲಿನಿಂದಲೂ ತಂಬಾಕು ತಿನ್ನುತ್ತಾರೆ. ಎಡಗಲ್ಲದ ಒಳಗೆ ಎರಡು ತಿಂಗಳಿಂದ ಒಂದು ಹುಣ್ಣು ಆಗಿದೆ. ನೋವಿಲ್ಲ, ಆದರೆ ಮಾಯುತ್ತಲೂ ಇಲ್ಲ. ದವಾಖಾನೆಗೆ ಹೋಗೋಣ ಎಂದರೆ, ಜ್ವಾಳದ ರಾಶಿ ಮುಗೀಲಿ, ನೋಡೂಣು ಅಂತಾರೆ. ಅಲ್ಲಿ ಹೋದರೆ ಕೊಯ್ದುಬಿಡುತ್ತಾರೆ ಎಂಬ ಹೆದರಿಕೆ. ನಮ್ಮ ಶಾಲೆಯಲ್ಲಿ ವಿಜ್ಞಾನ ದಿನದಂದು ಸರ್ ಒಬ್ಬರು, ಈಗ ಎಂಜಲಿನಿಂದಲೇ ಬಾಯಿ ಕ್ಯಾನ್ಸರ್ ಕಂಡುಹಿಡಿಯುತ್ತಾರೆ ಎಂದು ಹೇಳಿದರು. ಮುತ್ಯಾನ ಎಂಜಲನ್ನು ಸೀಸೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಬಹುದೇ? ಯಾವ ವಿಳಾಸಕ್ಕೆ ಕಳಿಸಬೇಕು?’

ಇಂಥ ಪತ್ರ ಅಂಕಣದ ಸರದಿಗಾಗಿ ಕಾಯುವಂಥದ್ದಲ್ಲ. ಅಂದೇ ಒಂದು ಕಾರ್ಡು ಬರೆದು ಹಾಕಿದೆ. ಅದರಲ್ಲಿ ಏನು ಬರೆದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಆದರೆ ಹುಡುಗಿಯ ಪ್ರಶ್ನೆಯನ್ನು ಹಾಗೇ ಬಿಡುವಂತಿಲ್ಲ. ಅದು ದಡ್ಡ ಪ್ರಶ್ನೆಯಲ್ಲ. ಕಳೆದ ಎರಡು ದಶಕಗಳಿಂದ ದೊಡ್ಡ ದೊಡ್ಡ ಪ್ರಯೋಗಾಲಯಗಳು ಕೇಳುತ್ತಿರುವ ಪ್ರಶ್ನೆಯೂ ಅದೇ. ಅಲ್ಲದೆ ಇಂಥ ಮುತ್ಯಾ ನಮ್ಮ ನಾಡಿನ ಪ್ರತಿ ಊರಿನಲ್ಲೂ ಇದ್ದಾರೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದವರು ಸುಮಾರು 1 ಲಕ್ಷ 43 ಸಾವಿರ. ಅದರಿಂದ ಸತ್ತವರು ಸುಮಾರು 80 ಸಾವಿರ.

ಎಂಜಲು ಎಂದರೆ ಏನು?

ನಮ್ಮ ಮನೆಗಳಲ್ಲಿ ಎಂಜಲು ಎಂದರೆ ದೂರ ಇಡಬೇಕಾದ ವಸ್ತು. ಜೀವಶಾಸ್ತ್ರದ ಪುಸ್ತಕ ತೆರೆದರೆ ಅದೇ ವಸ್ತು ‘ಲಾಲಾರಸ’ ಎಂಬ ಗೌರವದ ಹೆಸರಿನಲ್ಲಿ ಬರುತ್ತದೆ. ಕಿವಿಯ ಮುಂದೆ, ಕೆಳದವಡೆಯ ಒಳಬದಿಯಲ್ಲಿ ಮತ್ತು ನಾಲಿಗೆಯ ಕೆಳಗೆ ಹೀಗೆ ಮೂರು ಜೊತೆ ದೊಡ್ಡ ಗ್ರಂಥಿಗಳು, ಜೊತೆಗೆ ತುಟಿ, ಗಲ್ಲ, ಅಂಗುಳಗಳಲ್ಲಿ ಹರಡಿದ ನೂರಾರು ಸಣ್ಣ ಗ್ರಂಥಿಗಳು ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ರಸ ಸುರಿಸುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರು. ರೊಟ್ಟಿಯ ತುಣುಕನ್ನು ಬಾಯಲ್ಲಿ ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವದಿಂದ. ಇಷ್ಟು ಶಾಲೆಯ ಪಾಠ.

ಪಾಠದಲ್ಲಿ ಸಾಮಾನ್ಯವಾಗಿ ಬಾರದ ಸಂಗತಿ ಇನ್ನೊಂದಿದೆ. ಬಾಯಲ್ಲಿ ಇರುವ ಎಂಜಲು ಗ್ರಂಥಿಗಳ ರಸ ಮಾತ್ರವಲ್ಲ. ಗಲ್ಲ ಮತ್ತು ನಾಲಿಗೆಯ ಮೇಲ್ಪದರದಿಂದ ಉದುರುವ ಜೀವಕೋಶಗಳು, ವಸಡಿನ ಸಂದಿಯಿಂದ ಜಿನುಗುವ ದ್ರವ, ಅಸಂಖ್ಯ ಸೂಕ್ಷ್ಮಜೀವಿಗಳು ಎಲ್ಲವೂ ಅದರಲ್ಲಿ ಕೂಡುತ್ತವೆ. ಹೊಲದ ಬದುವಿನಲ್ಲಿ ಹರಿದು ಬರುವ ನೀರನ್ನು ನೋಡಿ, ಮೇಲಿನ ಹೊಲದಲ್ಲಿ ಏನು ಹಾಕಿದ್ದಾರೆ ಎಂದು ಅನುಭವಿ ರೈತ ಊಹಿಸುತ್ತಾನಲ್ಲವೇ? ಹಾಗೆಯೇ ಗಲ್ಲದ ಒಳಗೆ ಒಂದು ಗಂಟು ಬೆಳೆಯುತ್ತಿದ್ದರೆ ಅದರ ಕೋಶಗಳು, ಅವುಗಳ ಒಳಗಿನ ಸರಕು ದಿನವೂ ಅಷ್ಟಷ್ಟು ಎಂಜಲಿಗೆ ಬೀಳುತ್ತಲೇ ಇರುತ್ತದೆ. ಯಕೃತ್ತಿನ ಕ್ಯಾನ್ಸರಿನ ಸುಳಿವು ಹುಡುಕಲು ರಕ್ತ ತೆಗೆಯಬೇಕು. ಬಾಯಿ ಕ್ಯಾನ್ಸರಿನ ಸುಳಿವು ಎಂಜಲಿನಲ್ಲೇ ತೇಲುತ್ತಿರಬೇಕು. ವಿಜ್ಞಾನಿಗಳ ತರ್ಕ ಇಷ್ಟು ಸರಳ.

ಇಂಥ ಸುಳಿವಿಗೆ ಜೈವಿಕ ಸೂಚಕ ಎಂದು ಹೆಸರು. ಅದು ಒಂದು ಪ್ರೋಟೀನು ಇರಬಹುದು, ಆರ್‌ಎನ್‌ಎ ಇರಬಹುದು. ಆರ್‌ಎನ್‌ಎ ಎಂದರೇನು ಎಂದು ಪಾಲಕರು ಕೇಳಿದರೆ ಹೀಗೆ ಹೇಳಬಹುದು. ಡಿಎನ್‌ಎ ತಹಸೀಲು ಕಚೇರಿಯ ಮೂಲ ದಾಖಲೆಯಂತೆ. ಅದು ಕಪಾಟು ಬಿಟ್ಟು ಹೊರಗೆ ಬರುವುದಿಲ್ಲ. ಕೆಲಸ ನಡೆಯಬೇಕಾದಾಗ ಬೇಕಾದಷ್ಟೇ ಪುಟದ ನಕಲು ತೆಗೆದು ಕಳಿಸುತ್ತಾರೆ, ನಮ್ಮ ಪಹಣಿಯ ನಕಲಿನ ಹಾಗೆ. ಆ ನಕಲೇ ಸಂದೇಶವಾಹಕ ಆರ್‌ಎನ್‌ಎ. ಯಾವ ಹೊಲದ ಪಹಣಿಗೆ ದಿಢೀರನೆ ಹತ್ತಾರು ಅರ್ಜಿ ಬೀಳುತ್ತವೆಯೋ ಆ ಹೊಲದಲ್ಲಿ ಏನೋ ನಡೆದಿದೆ ಎಂದು ಅರ್ಥ. ಕೋಶ ದಾರಿ ತಪ್ಪಿದಾಗಲೂ ಕೆಲವು ಜೀನುಗಳ ನಕಲು ಅತಿಯಾಗಿ ಹೊರಬೀಳುತ್ತದೆ. ಅದನ್ನು ಎಂಜಲಿನಲ್ಲಿ ಎಣಿಸಬೇಕು.

ಪ್ರಯೋಗಾಲಯ ಹೇಳಿದ್ದೇನು?

ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾಂಗ್ ಎಂಬ ದಂತ ವಿಜ್ಞಾನಿ ಮತ್ತು ಅವರ ಸಂಗಡಿಗರು 2004ರಲ್ಲಿ ಇದನ್ನೇ ಮಾಡಿದರು. ಬಾಯಿ ಕ್ಯಾನ್ಸರ್ ಇರುವ 32 ಜನ, ಇಲ್ಲದ 32 ಜನ. ಇಬ್ಬರ ಎಂಜಲಿನ ಆರ್‌ಎನ್‌ಎ ಹೋಲಿಸಿದಾಗ ಏಳು ಸಂದೇಶಗಳು ರೋಗಿಗಳಲ್ಲಿ ಏರಿದ್ದವು. ಅವುಗಳಲ್ಲಿ ನಾಲ್ಕನ್ನು ಜೋಡಿಸಿ ನೋಡಿದರೆ ರೋಗಿಗಳನ್ನು ರೋಗಿಗಳೆಂದೂ ಆರೋಗ್ಯವಂತರನ್ನು ಆರೋಗ್ಯವಂತರೆಂದೂ ನೂರಕ್ಕೆ 91ರಷ್ಟು ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಅದೇ ಪ್ರಯೋಗಾಲಯ 2008ರಲ್ಲಿ ಐದು ಪ್ರೋಟೀನುಗಳ ಗುಂಪೊಂದನ್ನು 64 ರೋಗಿಗಳು ಮತ್ತು 64 ಆರೋಗ್ಯವಂತರಲ್ಲಿ ಪರೀಕ್ಷಿಸಿತು. ರೋಗಿಗಳನ್ನು ಹಿಡಿಯುವುದರಲ್ಲಿ ನೂರಕ್ಕೆ 90, ಆರೋಗ್ಯವಂತರನ್ನು ಬಿಡುಗಡೆ ಮಾಡುವುದರಲ್ಲಿ 83 ಬಂತು.

ನಮ್ಮಂತೆಯೇ ಅಡಿಕೆ ಜಗಿಯುವ ತೈವಾನಿನಲ್ಲಿ 2016ರಲ್ಲಿ ನಾಲ್ಕು ಪ್ರೋಟೀನುಗಳ ಬೇರೊಂದು ಗುಂಪು ಸಿದ್ಧವಾಯಿತು. ಎಂಜಲಿನ ಆರ್‌ಎನ್‌ಎ ಮತ್ತು ಅಲ್ಲಿಯ ಸೂಕ್ಷ್ಮಜೀವಿಗಳ ಆರ್‌ಎನ್‌ಎ ಎರಡನ್ನೂ ಕೂಡಿ ಓದುವ ಒಂದು ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2021ರಲ್ಲಿ ‘ಮಹತ್ವದ ಹೊಸ ಸಾಧನ’ ಎಂಬ ಮನ್ನಣೆ ಕೊಟ್ಟಿತು. ಇದು ಪರಿಶೀಲನೆ ಬೇಗ ನಡೆಯಲಿ ಎಂಬ ಮನ್ನಣೆ, ಪೂರ್ತಿ ಒಪ್ಪಿಗೆಯಲ್ಲ. ನಮ್ಮ ಕರ್ನಾಟಕದ ದಂತ ವೈದ್ಯಕೀಯ ಕಾಲೇಜುಗಳಲ್ಲೂ ಸ್ನಾತಕೋತ್ತರ ವಿದ್ಯಾರ್ಥಿಗಳು ಎಂಜಲಿನ ಸಯಾಲಿಕ್ ಆಮ್ಲ, ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಕಿಣ್ವ ಮುಂತಾದವನ್ನು ಅಳೆದು ಪ್ರಬಂಧ ಬರೆದಿದ್ದಾರೆ. ಹುಡುಗಿಯ ಶಾಲೆಗೆ ಬಂದ ಸರ್ ಹೇಳಿದ್ದು ಸುಳ್ಳಲ್ಲ.

ಹಾಗಾದರೆ ನೂರಕ್ಕೆ ತೊಂಬತ್ತು ಸರಿಯಿರುವ ಪರೀಕ್ಷೆ ಔರಾದ ದವಾಖಾನೆಗೆ ಏಕೆ ಬಂದಿಲ್ಲ? ಇದಕ್ಕೆ ಉತ್ತರ ಜೀವಶಾಸ್ತ್ರದಲ್ಲಿಲ್ಲ, ಗಣಿತದಲ್ಲಿದೆ. ವಿದ್ಯಾರ್ಥಿ ಮಿತ್ರರೇ, ಒಂದು ಹಾಳೆ, ಪೆನ್ಸಿಲು ತೆಗೆದುಕೊಳ್ಳಿ.

ತೊಂಬತ್ತರ ಲೆಕ್ಕ

ಒಂದು ಪ್ರದೇಶದಲ್ಲಿ ತಂಬಾಕು ತಿನ್ನುವ 10,000 ಜನರಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಇವತ್ತು 20 ಜನರಿಗೆ ಬಾಯಿ ಕ್ಯಾನ್ಸರ್ ಇದೆ ಎನ್ನೋಣ. ಇದು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆ. ಎಲ್ಲರ ಎಂಜಲನ್ನೂ 2008ರ ಪರೀಕ್ಷೆಗೆ ಒಡ್ಡುತ್ತೇವೆ. ರೋಗಿಗಳನ್ನು ಹಿಡಿಯುವ ಶಕ್ತಿ ನೂರಕ್ಕೆ 90. ಆದ್ದರಿಂದ 20ರಲ್ಲಿ 18 ಜನ ಸಿಕ್ಕರು. ಒಳ್ಳೆಯದೇ ಆಯಿತು.

ಈಗ ಉಳಿದ 9,980 ಆರೋಗ್ಯವಂತರನ್ನು ನೋಡಿ. ಅವರಲ್ಲಿ ನೂರಕ್ಕೆ 83 ಜನರಿಗೆ ಪರೀಕ್ಷೆ ‘ಏನೂ ಇಲ್ಲ’ ಎನ್ನುತ್ತದೆ. ಮಿಕ್ಕ 17 ಜನರಿಗೆ ‘ಇದೆ’ ಎನ್ನುತ್ತದೆ. ಗುಣಿಸಿ ನೋಡಿ: ಸುಮಾರು 1,697 ಜನ! ಅಂದರೆ ಒಟ್ಟು 1,715 ಮನೆಗಳಿಗೆ ‘ಕ್ಯಾನ್ಸರ್ ಇರಬಹುದು’ ಎಂಬ ಚೀಟಿ ಹೋಗುತ್ತದೆ. ನಿಜವಾಗಿ ರೋಗ ಇರುವುದು 18 ಮನೆಗಳಲ್ಲಿ. ಚೀಟಿ ಬಂದ ತೊಂಬತ್ತೈದು ಜನರಲ್ಲಿ ಒಬ್ಬರಿಗೆ ಮಾತ್ರ. ಆರೋಗ್ಯವಂತರನ್ನು ಗುರುತಿಸುವ ಶಕ್ತಿಯನ್ನು 91ಕ್ಕೆ ಏರಿಸಿದರೂ ಸುಮಾರು 900 ಮನೆಗಳಲ್ಲಿ ಸುಮ್ಮನೆ ಅಳು ಏಳುತ್ತದೆ. ರೋಗ ವಿರಳವಾದಷ್ಟೂ ಒಳ್ಳೆಯ ಪರೀಕ್ಷೆಯೂ ಹೀಗೆ ಎಡವುತ್ತದೆ. ನಾಳೆ ಪತ್ರಿಕೆಯಲ್ಲಿ ‘ನೂರಕ್ಕೆ ತೊಂಬತ್ತು ನಿಖರ’ ಎಂದು ಯಾವುದೇ ಪರೀಕ್ಷೆಯ ಸುದ್ದಿ ಬಂದರೂ ಈ ಲೆಕ್ಕ ಹಾಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಕೈತಪ್ಪಿದ ಆ ಇಬ್ಬರು. ಅವರ ಗಲ್ಲದಲ್ಲಿ ಹುಣ್ಣಿದೆ, ಕೈಯಲ್ಲಿ ‘ಏನೂ ಇಲ್ಲ’ ಎಂಬ ಚೀಟಿಯೂ ಇದೆ. ಮೊದಲೇ ದವಾಖಾನೆಗೆ ಹೆದರುವವರು ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಆರು ತಿಂಗಳು ಕೂತುಬಿಡುತ್ತಾರೆ. ಎಕಂಬಾದ ಮುತ್ಯಾ ಆ ಇಬ್ಬರಲ್ಲಿ ಒಬ್ಬರಾದರೆ?

ತೊಡಕುಗಳು ಇನ್ನೂ ಇವೆ. ಏರಿದ ಆ ಸಂದೇಶಗಳಲ್ಲಿ ಇಂಟರ್‌ಲ್ಯೂಕಿನ್ ಎಂಬ ಗುಂಪಿನವೂ ಇದ್ದವು. ಅವು ಉರಿಯೂತದ ಸಂದೇಶಗಳು. ವಸಡು ಬಾತು ರಕ್ತ ಸೋರುವವರಲ್ಲೂ ಏರುತ್ತವೆ. ತಂಬಾಕು ತಿನ್ನುವವರಲ್ಲಿ ವಸಡು ಸರಿಯಾಗಿರುವವರು ಎಷ್ಟು ಜನ? ಎರಡನೆಯದಾಗಿ, ಊಟದ ಮೊದಲು, ಊಟದ ನಂತರ, ಬೆಳಿಗ್ಗೆ, ಸಂಜೆ ಹೀಗೆ ಎಂಜಲಿನ ಗುಣ ಬದಲಾಗುತ್ತಲೇ ಇರುತ್ತದೆ. ಪ್ರಯೋಗಾಲಯದಲ್ಲಿ ಒಂದು ತಾಸಾದರೂ ಏನನ್ನೂ ತಿನ್ನದೆ ಕುಡಿಯದೆ ಇರಿಸಿ, ಬೆಳಗಿನ ಹೊತ್ತು ಎಂಜಲು ತೆಗೆದು, ಕೂಡಲೇ ಹಿಮದ ಮೇಲೆ ಇಡುತ್ತಾರೆ. ಏಕೆಂದರೆ ಎಂಜಲಿನಲ್ಲೇ ಇರುವ ಕಿಣ್ವಗಳು ಆರ್‌ಎನ್‌ಎಯನ್ನು ಬೇಗನೆ ಚೂರು ಮಾಡಿಬಿಡುತ್ತವೆ. ರಕ್ಷಕ ದ್ರವ ಬೆರೆಸದೆ ಬರೀ ಸೀಸೆಯಲ್ಲಿ ಹಾಕಿ ಬೀದರಿನ ಬೇಸಿಗೆಯಲ್ಲಿ ಅಂಚೆಗೆ ಕೊಟ್ಟರೆ, ತಲುಪುವ ಹೊತ್ತಿಗೆ ಅದು ಹೇಳಬೇಕಾದ ಮಾತೆಲ್ಲ ಅಳಿಸಿಹೋಗಿರುತ್ತದೆ. ಆದ್ದರಿಂದ ಹುಡುಗಿಯ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಕಳಿಸಬಾರದು.

ಬ್ಯಾಟರಿ ಬೆಳಕಿನ ಸಾಕ್ಷಿ

ಹಾಗಾದರೆ ಬಡವರ ಬಾಯಿಗೆ ದಾರಿಯೇ ಇಲ್ಲವೇ? ಇದೆ. ಆ ದಾರಿ ಪಕ್ಕದ ಕೇರಳದಲ್ಲಿ ಸಾಬೀತಾಗಿದೆ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. 35 ವರ್ಷ ದಾಟಿದ ಸುಮಾರು 1 ಲಕ್ಷ 90 ಸಾವಿರ ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಮನೆಗೆ ಹೋಗಿ, ಬಾಯಿ ತೆರೆಸಿ, ಬೆಳಕು ಬಿಟ್ಟು ಕಣ್ಣಿನಿಂದ ನೋಡಿದರು, ಅಷ್ಟೇ. ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳಿಸಿದರು. ಇನ್ನೊಂದು ಗುಂಪು ಎಂದಿನಂತೆ ಇತ್ತು. ಡಾ. ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಇಳಿದಿತ್ತು.

ಬಾಯಿ ನೋಡಿದವರು ಯಾರು ಗೊತ್ತೇ? ವೈದ್ಯರಲ್ಲ, ದಾದಿಯರೂ ಅಲ್ಲ. ತರಬೇತಿ ಪಡೆದ ಸಾಮಾನ್ಯ ಪದವೀಧರರು. ನಿಮ್ಮ ಊರಿನಲ್ಲಿ ಬಿಎ ಮುಗಿಸಿ ಕೂತಿರುವ ಅಣ್ಣಂದಿರು, ಅಕ್ಕಂದಿರು ಮಾಡಬಹುದಾದ ಕೆಲಸ.

ಕರ್ನಾಟಕದಲ್ಲೂ ಇದೇ ದಾರಿ ಹಿಡಿದವರಿದ್ದಾರೆ. ಬೆಂಗಳೂರಿನ ಕೆಎಲ್‌ಇ ದಂತ ವೈದ್ಯಕೀಯ ಸಂಸ್ಥೆಯ ಡಾ. ಪ್ರವೀಣ್ ಬಿರೂರ, ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದ ಡಾ. ಮೋನಿ ಅಬ್ರಹಾಂ ಕುರಿಯಾಕೋಸ್ ಮತ್ತು ಸಂಗಡಿಗರು ಬಯೋಕಾನ್ ಫೌಂಡೇಶನ್ ಜೊತೆ ಸೇರಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರ ಕೈಗೆ ಮೊಬೈಲ್ ಕೊಟ್ಟರು. ಅವರು ಬಾಯಿಯ ಚಿತ್ರ ತೆಗೆದು ಕಳಿಸಿದರೆ ಬೆಂಗಳೂರಿನಲ್ಲಿ ಕೂತ ತಜ್ಞರು ನೋಡಿ ಸಲಹೆ ಕೊಡುವ ಏರ್ಪಾಡು. ಇದರ ವರದಿ 2015ರಲ್ಲಿ ಅಮೆರಿಕದ ದಂತ ವೈದ್ಯರ ಸಂಘದ ಪತ್ರಿಕೆಯಲ್ಲಿ ಬಂದಿದೆ. ದೇಶದಾದ್ಯಂತ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆ ಬಾಯಿಯನ್ನೂ ನೋಡಬೇಕೆಂಬ ಕಾರ್ಯಕ್ರಮವಿದೆ. ಮುಂದಿನ ಸಲ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ‘ಬಾಯಿ ನೋಡುವುದು ಯಾವಾಗ?’ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಎಂಜಲಿನ ಪರೀಕ್ಷೆಗೆ ಮುಂದೆ ಕೆಲಸವಿಲ್ಲ ಎಂದು ಇದರ ಅರ್ಥವಲ್ಲ. ತೊಗರಿಯನ್ನು ಮೊದಲು ಮೊರದಲ್ಲಿ ಕೇರಿ ಆಮೇಲೆ ಜರಡಿ ಹಿಡಿಯುತ್ತೀರಲ್ಲ, ಹಾಗೆ. ಕಣ್ಣಿಗೆ ಬೀಳುವ ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದೇ ಇಲ್ಲ. ಯಾವುದು ಆಗುತ್ತದೆ ಎಂದು ಕಣ್ಣು ಹೇಳಲಾರದು. ಮಚ್ಚೆ ಇರುವವರಷ್ಟೇ ಜನರಲ್ಲಿ ಎಂಜಲಿನ ಪರೀಕ್ಷೆ ನಡೆಸಿದರೆ, ರೋಗ ಅಷ್ಟು ವಿರಳವಲ್ಲದ ಕಾರಣ ಮೇಲಿನ ಲೆಕ್ಕವೂ ಸುಧಾರಿಸುತ್ತದೆ. ಮೇಲಿನ ಗಣಿತದಲ್ಲಿ 10,000 ಬದಲು 200 ಜನ, ಅವರಲ್ಲಿ ಅದೇ 20 ರೋಗಿಗಳು ಎಂದು ಹಾಕಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಶಸ್ತ್ರಚಿಕಿತ್ಸೆ ಆದವರಲ್ಲಿ ರೋಗ ಮರುಕಳಿಸುತ್ತಿದೆಯೇ ಎಂದು ಕಾಯಲಿಕ್ಕೂ ಅದು ನೆರವಾದೀತು. ಇಂದು ಹತ್ತನೇ ತರಗತಿಯಲ್ಲಿರುವವರು ಸಂಶೋಧಕರಾಗುವ ಹೊತ್ತಿಗೆ ಆ ಕೆಲಸ ಅವರಿಗಾಗಿ ಕಾದಿರುತ್ತದೆ. ಆದರೆ ಮುತ್ಯಾ ಅಲ್ಲಿಯವರೆಗೆ ಕಾಯುವಂತಿಲ್ಲ.

ಕನ್ನಡಿಯ ಮುಂದೆ ಎರಡು ನಿಮಿಷ

ನಮ್ಮಲ್ಲಿ ಈ ರೋಗ ಹೆಚ್ಚಾಗಿ ಹುಟ್ಟುವುದು ತಂಬಾಕಿನ ಉಂಡೆಯನ್ನು ಒತ್ತರಿಸಿ ಇಡುವ ಜಾಗದಲ್ಲಿ, ಅಂದರೆ ಗಲ್ಲ ಮತ್ತು ವಸಡಿನ ನಡುವೆ. ಕೆಟ್ಟ ಸಂಗತಿಯೆಂದರೆ ಆರಂಭದಲ್ಲಿ ನೋವೇ ಇರುವುದಿಲ್ಲ. ಹಲ್ಲು ನೋವಿಗೆ ರಾತ್ರೋರಾತ್ರಿ ಬೀದರಿಗೆ ಓಡುವವರು ನೋವಿಲ್ಲದ ಹುಣ್ಣಿಗೆ ವರ್ಷಗಟ್ಟಲೆ ಸುಣ್ಣ ಸವರುತ್ತಾರೆ. ನೋವು ಬರುವ ಹೊತ್ತಿಗೆ ರೋಗ ಆಳಕ್ಕೆ ಇಳಿದಿರುತ್ತದೆ. ಮೊದಲ ಹಂತದಲ್ಲೇ ಚಿಕಿತ್ಸೆ ಪಡೆದವರಲ್ಲಿ ಸುಮಾರು ಐವರಲ್ಲಿ ನಾಲ್ವರು ಐದು ವರ್ಷ ದಾಟುತ್ತಾರೆ. ತಡಮಾಡಿ ಬಂದವರಲ್ಲಿ ಅರ್ಧಕ್ಕೂ ಕಡಿಮೆ ಜನ. ಈ ಎರಡರ ನಡುವಿನ ಅಂತರವೇ ‘ರಾಶಿ ಮುಗೀಲಿ’ ಎಂಬ ಮಾತು.

ನೋಡಬೇಕಾದದ್ದು ಇಷ್ಟು. ಎರಡು ವಾರ ಕಳೆದರೂ ಮಾಯದ ಹುಣ್ಣು. ಬಟ್ಟೆಯಿಂದ ಒರೆಸಿದರೂ ಹೋಗದ ಬಿಳಿ ಮಚ್ಚೆ. ಮಖಮಲ್ಲಿನಂತೆ ಕೆಂಪಾದ ಮಚ್ಚೆ. ಇದು ಬಿಳಿಗಿಂತ ಹೆಚ್ಚು ಅಪಾಯದ್ದು. ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ನುಂಗಲು ಕಷ್ಟ. ಇನ್ನೊಂದು ಸುಲಭದ ಪರೀಕ್ಷೆ: ನಿಮ್ಮದೇ ಕೈಯ ನಡುವಿನ ಮೂರು ಬೆರಳು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ಹಿಡಿಯಿರಿ. ಮೂರು ಬೆರಳು ಹಿಡಿಸಬೇಕು. ಎರಡೇ ಹಿಡಿಸಿದರೆ, ಖಾರ ತಿಂದರೆ ಬಾಯಿ ಉರಿದರೆ, ಗಲ್ಲದ ಒಳಪದರ ಗಟ್ಟಿಯಾಗುತ್ತಿದೆ ಎಂದು ಶಂಕಿಸಬೇಕು. ಈ ಬಿಗಿತಕ್ಕೆ ಮುಖ್ಯ ಕಾರಣ ಅಡಿಕೆ. ಮುಂದೆ ಇದು ಕ್ಯಾನ್ಸರಿಗೆ ತಿರುಗಬಹುದು.

ಇಲ್ಲಿ ಯುವಕರಿಗೆ ಒಂದು ಮಾತು. ‘ನಾನು ತಂಬಾಕು ಮುಟ್ಟುವುದಿಲ್ಲ, ಬರೀ ಪಾನ್ ಮಸಾಲೆ’ ಎನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲಿ ಅಡಿಕೆಯನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ಬೆಳೆಯುವ ನಮ್ಮ ನಾಡಿಗೆ ಇದು ಕಹಿ ಮಾತು ನಿಜ. ಆದರೆ ಇಪ್ಪತ್ತು ದಾಟದ ಹುಡುಗರು ಎರಡು ಬೆರಳಿನ ಬಾಯಿ ಇಟ್ಟುಕೊಂಡು ದಂತ ವೈದ್ಯರ ಮುಂದೆ ಕೂರುತ್ತಿರುವುದೂ ನಿಜ. ತೆರೆಯದ ಬಾಯಿಗೆ ರೊಟ್ಟಿಯ ತುತ್ತೂ ಹೋಗುವುದಿಲ್ಲ.

ಪಾಲಕರೇ, ಸ್ವಲ್ಪ ಕೇಳಿ

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ತಿಂಗಳ ಕೊನೆಗೆ. ಆಮೇಲೆ ಏನಾಯಿತು? ಒಂದು ಚೀಟಿ ಎರಡಾಯಿತು: ಒಂದರಲ್ಲಿ ಪಾನ್ ಮಸಾಲೆ, ಇನ್ನೊಂದರಲ್ಲಿ ಜರ್ದಾ. ಅಂಗೈಯಲ್ಲಿ ಬೆರೆಸಿಕೊಂಡರೆ ಮತ್ತೆ ಅದೇ ಗುಟ್ಕಾ. ಶಾಲಾ ಕಾಲೇಜುಗಳ 100 ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕೇಂದ್ರ ಕಾಯ್ದೆ ಹೇಳಿತ್ತು. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷ ತುಂಬದವರಿಗೆ ತಂಬಾಕು ಮಾರುವುದೇ ಅಪರಾಧ.

ಆದರೆ ಕಾಯ್ದೆ ಮನೆಯೊಳಗೆ ಬರುವುದಿಲ್ಲ. ‘ಹೋಗು, ಮುತ್ಯಾಗ ಒಂದು ತಂಬಾಕಿನ ಚೀಟಿ ತಗೊಂಡು ಬಾ’ ಎಂದು ಎಂಟು ವರ್ಷದ ಮಗುವಿನ ಕೈಗೆ ದುಡ್ಡು ಕೊಟ್ಟು ಕಳಿಸುವವರು ನಾವೇ. ಮಿಕ್ಕ ಚಿಲ್ಲರೆ ಅದರ ಚಾಕಲೇಟಿಗೆ. ಮಹಾರಾಷ್ಟ್ರದ ಗಡಿಗೆ ಅಂಟಿದ ಊರುಗಳಲ್ಲಿ ಹೆಂಗಸರು ಬೆಳಿಗ್ಗೆ ಹಲ್ಲಿಗೆ ಮಿಶ್ರಿ ತಿಕ್ಕುವಾಗ ಮಗಳೂ ಪಕ್ಕದಲ್ಲಿ ಕೂತಿರುತ್ತಾಳೆ. ಮಿಶ್ರಿಯೂ ಸುಟ್ಟ ತಂಬಾಕೇ ಎಂಬುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 16 ಜನ ಹೊಗೆಯಿಲ್ಲದ ತಂಬಾಕು ಬಳಸುತ್ತಾರೆ. ಅವರೆಲ್ಲ ಒಂದು ಕಾಲಕ್ಕೆ ಯಾರದೋ ಮನೆಯ ಮಕ್ಕಳೇ ಆಗಿದ್ದರು. ಬಿಡಬೇಕೆಂದು ಮನಸ್ಸು ಮಾಡಿದವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356.

ಕಾರ್ಡಿನಲ್ಲಿ ಬರೆದದ್ದು

ಇನ್ನು ನಾನು ಆ ಹುಡುಗಿಗೆ ಬರೆದ ಕಾರ್ಡಿನ ವಿಷಯ. ಅದರಲ್ಲಿದ್ದದ್ದು ಹೀಗೆ:

‘ತಂಗಿ, ಎಂಜಲು ಕಳಿಸಬೇಡ, ಮುತ್ಯಾನನ್ನೇ ಕರೆದುಕೊಂಡು ಹೋಗು. ಎರಡು ವಾರ ದಾಟಿದ ಹುಣ್ಣನ್ನು ವೈದ್ಯರು ನೋಡಲೇಬೇಕು. ಇದು ಎರಡು ತಿಂಗಳಿನದು. ಕ್ಯಾನ್ಸರ್ ಆಗಿಯೇ ಇದೆ ಎಂದಲ್ಲ, ಚೂಪಾದ ಹಲ್ಲು ತಾಗಿಯೂ ಹುಣ್ಣು ಉಳಿಯುತ್ತದೆ. ನೋಡದೆ ಹೇಳಲಾಗದು. ಬೀದರಿನಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ, ದಂತ ವೈದ್ಯಕೀಯ ಕಾಲೇಜೂ ಇದೆ. ಮುಂದಿನ ಚಿಕಿತ್ಸೆ ಬೇಕಾದರೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಬಿಪಿಎಲ್ ಕಾರ್ಡು ತಪ್ಪದೆ ಒಯ್ಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಿ, ಬೇರೆ ಕಡೆಗೆ ಹೋಗಬೇಕಾದರೆ ಅಲ್ಲಿಂದ ಚೀಟಿ ಪಡೆಯಿರಿ.

ವೈದ್ಯರು ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದು. ಆ ಜಾಗಕ್ಕೆ ಮಾತ್ರ ಮರಗಟ್ಟುವ ಸೂಜಿ ಕೊಡುತ್ತಾರೆ. ಕೊಯ್ದರೆ ರೋಗ ಹರಡುತ್ತದೆ ಎಂಬುದು ಸುಳ್ಳು. ಆ ಚೂರು ನೋಡದೆ ಯಾರೂ ಖಚಿತವಾಗಿ ಹೇಳಲಾರರು, ಎಂಜಲಿನ ಪರೀಕ್ಷೆಯೂ ಕೊನೆಗೆ ಅಲ್ಲಿಗೇ ಕಳಿಸುತ್ತದೆ.

ಮುತ್ಯಾ ಒಪ್ಪದಿದ್ದರೆ ಕ್ಯಾನ್ಸರ್ ಎಂಬ ಮಾತನ್ನೇ ಎತ್ತಬೇಡ. ಸಂಜೆ ಅಂಗಳದಲ್ಲಿ ಎಲ್ಲರನ್ನೂ ಕೂಡಿಸು. ನೀನು, ಅಪ್ಪ, ಅವ್ವ, ತಮ್ಮ, ಎಲ್ಲರೂ ಸರದಿಯಂತೆ ಮೂರು ಬೆರಳಿನ ಪರೀಕ್ಷೆ ಮಾಡಿಕೊಳ್ಳಿ. ಒಬ್ಬರ ಬಾಯಿ ಒಬ್ಬರು ಬ್ಯಾಟರಿ ಬಿಟ್ಟು ನೋಡಿ. ಮುತ್ಯಾನ ಸರದಿ ಕೊನೆಗೆ ಬರಲಿ. ಮನೆಯವರೆಲ್ಲ ಬಾಯಿ ತೆರೆದ ಮೇಲೆ ಒಬ್ಬರೇ ಮುಚ್ಚಿಕೊಂಡು ಕೂರುವುದು ಕಷ್ಟ.’

ಹತ್ತು ದಿನಗಳ ನಂತರ ಅವಳಿಂದ ಮರುಪತ್ರ ಬಂತು. ಎರಡೇ ಸಾಲು. ‘ಅಪ್ಪನಿಗೆ ಮೂರು ಬೆರಳು ಹಿಡಿಸಿದವು, ಮುತ್ಯಾನಿಗೆ ಎರಡೇ. ಎಲ್ಲರೂ ಸುಮ್ಮನಾದರು, ಆಮೇಲೆ ಮುತ್ಯಾನೇ, ಸೋಮವಾರ ಬೀದರಿಗೆ ಹೋಗೂಣು ಅಂದರು.’ ಮುಂದೆ ಏನಾಯಿತೋ ತಿಳಿಯದು. ರಾಶಿ ಇನ್ನೂ ಮುಗಿದಿರಲಿಲ್ಲ ಎಂಬುದು ಮಾತ್ರ ಗೊತ್ತು.

ಇವತ್ತು ಭಾನುವಾರ. ಪುರವಣಿ ಓದಿ ಮುಗಿದ ಮೇಲೆ ನಿಮ್ಮ ಮನೆಯಲ್ಲೂ ಬೆಳಕಿದ್ದ ಕಡೆ ಎಲ್ಲರೂ ಒಮ್ಮೆ ಕೂತುಕೊಳ್ಳಿ. ಕೈ ತೊಳೆದುಕೊಳ್ಳಿ. ಮೂರು ಬೆರಳು, ಒಂದು ಬ್ಯಾಟರಿ, ಎರಡು ನಿಮಿಷ ಸಾಕು. ಎರಡು ವಾರ ಮೀರಿದ ಹುಣ್ಣು ಯಾರ ಬಾಯಲ್ಲಾದರೂ ಕಂಡರೆ ನನಗೆ ಪತ್ರ ಬರೆಯುತ್ತ ಕೂರಬೇಡಿ. ನಾಳೆಯೇ ದವಾಖಾನೆಗೆ ಹೊರಡಿ.